ಇಬ್ಬರಿಗೂ ಸಮ

ಸೋಮವಾರ, ೧೦ ಜೂನ್ ೨೦೨೪

ಅಳಬೇಕಾದ ಜಾಗದಲ್ಲಿ ಇವತ್ತು ನಗು ಬಂತು. ಕೊಳ್ಳೇಗಾಲದ ಕೋರ್ಟಿನಲ್ಲಿ ಜಡ್ಜ್ ಸಾಹೇಬರು ನನ್ನನ್ನು ತೋರಿಸಿ, "ಇವರು ಯಾರ ಕಡೆಯವರು?" ಎಂದು ಕೇಳಿದರು. ಕೋಮಲಳ ವಕೀಲರು "ಅರ್ಜಿದಾರಳ ತಾಯಿ" ಎಂದರು. ಬಸವಕುಮಾರನ ವಕೀಲರು "ಎದುರುದಾರರ ಅಕ್ಕ" ಎಂದರು. ಸಾಹೇಬರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಬೇರೆ ಸೀಮೆಯವರಿರಬೇಕು. ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದೇನು ಹೊಸದೇ? ನಮ್ಮವ್ವ ಪುಟ್ಟಗೌರಮ್ಮ ತೀರಿಕೊಂಡಾಗ ಬಸವನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಬಂಡಳ್ಳಿಯಿಂದ ಅವನನ್ನು ಯಳಂದೂರಿಗೆ ಕರೆತಂದು ಸಾಕಿದವಳು ನಾನು. ಕೋಮಲಳನ್ನು ಹೆತ್ತವಳೂ ನಾನು. ತೌರಿನ ಬಳ್ಳಿ ಒಣಗಬಾರದೆಂದು ಇಬ್ಬರನ್ನೂ ಒಂದೇ ಹಸೆಯ ಮೇಲೆ ಕೂರಿಸಿದವಳೂ ನಾನೇ.

ವಿಚ್ಛೇದನದ ಮಿಕ್ಕ ಮಾತೆಲ್ಲ ಹೇಗಾದರೂ ತೀರುತ್ತದೆ. ಗೌರಿ ಯಾರ ಹತ್ತಿರ ಇರಬೇಕು ಎನ್ನುವುದೇ ಈ ದಾವೆಯ ಜೀವ. ಏಳು ವರ್ಷದ ಕೂಸು, ನಮ್ಮವ್ವನ ಹೆಸರಿನದು. ಅವಳು ನನಗೇ ಬೇಕು ಎನ್ನುತ್ತಾಳೆ ಕೋಮಲ, ನನಗೇ ಬೇಕು ಎನ್ನುತ್ತಾನೆ ಬಸವ. ಕಡೆಗೆ ಸಾಹೇಬರು, ತೀರ್ಮಾನ ಆಗುವ ತನಕ ಮಗು ಅಜ್ಜಿಯ ಹತ್ತಿರ ಇರಲಿ, ತಂದೆ ಒಂದು ಭಾನುವಾರ, ತಾಯಿ ಇನ್ನೊಂದು ಭಾನುವಾರ ಬಂದು ನೋಡಲಿ ಎಂದರು. ಇಬ್ಬರೂ ತಲೆಯಾಡಿಸಿದರು. ಅವರಿಬ್ಬರೂ ಒಂದು ಮಾತಿಗೆ ಒಪ್ಪಿ ಎಷ್ಟು ಕಾಲವಾಗಿತ್ತೋ.

ಕಳೆದ ವರ್ಷದ ತನಕ ಮೇಷ್ಟ್ರಾಗಿದ್ದವಳು ನಾನು. ತರಗತಿಯಲ್ಲಿ ಪಕ್ಷಪಾತ ಮಾಡಿದವಳಲ್ಲ. ಸ್ವಂತ ಮಗಳಿಗೂ ಎಲ್ಲರ ಜೊತೆ ಏಟು ಬಿದ್ದಿದೆ. ಮಾದಪ್ಪ, ತಕ್ಕಡಿ ನನ್ನ ಕೈಗೆ ಬಂದಿದೆ. ಮುಳ್ಳು ಅಲುಗದಂತೆ ನೋಡಿಕೊಳ್ಳಪ್ಪ.

ಭಾನುವಾರ, ೨೩ ಜೂನ್

ಕೋಮಲ ಬಂದಿದ್ದಳು. ಕೊಳ್ಳೇಗಾಲದ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಅವಳಿಗೆ, ಒಂದೇ ಕೋಣೆಯ ಬಾಡಿಗೆ ಮನೆ. ಬಂದವಳೇ ಮಗಳನ್ನು ಮಂಡಿಯ ನಡುವೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಾಕಿದಳು. ನಾನು ಸುಮ್ಮನಿರಲಾರದೆ, "ಇನ್ನೊಂದ್ಸಲ ಯೋಚ್ನೆ ಮಾಡವ್ವ. ಅವ್ನೇನು ಕುಡಿತಾನಾ? ಇಸ್ಪೀಟಾಡ್ತಾನಾ?" ಎಂದೆ.

"ಇಲ್ಲ ಕಣವ್ವ. ಚಿಕ್ಕೋಳಿದ್ದಾಗ ಮಾವ ನನ್ ಕೈ ಇಡ್ಕಂಡು ಸ್ಕೂಲ್ಗೆ ಕರ್ಕಂಡೋಯ್ತಿತ್ತಲ್ಲ, ಇವತ್ಗೂ ಅಂಗೇ ಇಡ್ಕಂಡದೆ. ಎಲ್ಲೋಗಿದ್ದೆ, ಯಾರತ್ರ ಮಾತಾಡ್ದೆ, ಈ ಬಟ್ಟೆ ಯಾಕಾಕಂಡೆ. ಕೆಲ್ಸಕ್ಕೋಯ್ತೀನಿ ಅಂದಿದ್ಕೆ ಕೆನ್ನೆಗೆ ಒಡೀತು. ಒಡೆದು, ಸಂಜೆಗೆ ಚಾಕ್ಲೇಟ್ ತಂದ್ಕೊಡ್ತು. ನಂಗೀಗ ಇಪ್ಪತ್ತೊಂಬತ್ತು ಕಣವ್ವ!"

ಅರ್ಜಿಯಲ್ಲಿ ಚಾಕ್ಲೇಟಿನ ಮಾತಿಲ್ಲ. ಅದು ಕೇಸಿಗೆ ಬರುವುದಿಲ್ಲ ಎಂದರಂತೆ ವಕೀಲರು. ಅದರಲ್ಲಿರುವುದು ಬರೀ ಕ್ರೌರ್ಯ, ಹಿಂಸೆ, ಪ್ರಾಣಭಯ. ಬಸವ ಹಾಕಿದ ತಕರಾರಿನಲ್ಲಿ, ಹೆಂಡತಿಗೆ ಮನಸ್ಸಿನ ಸ್ಥಿಮಿತವಿಲ್ಲ, ಮಗುವನ್ನು ಕೊಟ್ಟರೆ ಅಪಾಯ ಎಂದಿದೆ. ಎರಡನ್ನೂ ಓದಿದೆ. ನಾನು ಸಾಕಿದ ಹುಡುಗನೂ ಅದರಲ್ಲಿಲ್ಲ, ನಾನು ಹೆತ್ತ ಹುಡುಗಿಯೂ ಇಲ್ಲ. ಇವೆರಡು ಭೂತಗಳಲ್ಲಿ ಯಾವುದು ವಾಸಿ ಎಂದು ಪಾಪ, ಆ ಸಾಹೇಬರು ಹೇಗೆ ಹೇಳಬೇಕು?

ಹೊರಡುವಾಗ ಗೌರಿ ಅವಳಮ್ಮನ ವೇಲು ಹಿಡಿದುಕೊಂಡು ಬಿಡಲೊಲ್ಲಳು. ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಬೇಕಾಯಿತು.

ಭಾನುವಾರ, ೩೦ ಜೂನ್

ಬಸವನ ಸರದಿ. ಹನೂರಿನಲ್ಲಿ ಗೊಬ್ಬರದ ಅಂಗಡಿಗೆ ಬಾಗಿಲು ಹಾಕಿ, ಬಂಡಳ್ಳಿ ಜಮೀನಿನ ಹಲಸಿನ ಹಣ್ಣು ಹೊತ್ತುಕೊಂಡು ಬಂದಿದ್ದ. ಅಪ್ಪನ ಬೆನ್ನ ಮೇಲೆ ಕೂಸಿನ ಸವಾರಿ ನಡೆಯಿತು. ನೋಡಲು ಚೆನ್ನಾಗಿತ್ತು. ಆಮೇಲೆ ಹಣ್ಣು ಬಿಡಿಸುತ್ತಾ ಮೆಲ್ಲಗೆ ಶುರು ಮಾಡಿದ.

"ಅಮ್ಮ ಏನಂದ್ಲು ಪುಟ್ಟ? ಅಪ್ಪನ್ ಬಗ್ಗೆ ಏನಾರ ಯೋಳ್ಕೊಟ್ಲಾ?"

ಗೌರಿ ನನ್ನ ಮುಖ ನೋಡಿದಳು. ತೊಳೆಯನ್ನು ಕೆಳಗಿಟ್ಟು, ಹೊಟ್ಟೆ ನೋವು ಎಂದಳು. ನನಗೆ ರೇಗಿತು. "ಈ ಮನೇಲಿ ವಿಚಾರಣೆ ಇಲ್ಲ ಬಸವ. ಅದ್ಕೆ ಕೋರ್ಟೈತೆ" ಎಂದೆ. ಅವನು ಅಂಟಿನ ಕೈಯಲ್ಲೇ ಕಣ್ಣೊರೆಸಿಕೊಂಡ. "ಅವಳ್ನ ಎಗಲ್ ಮೇಲೆ ಒತ್ತು ಬೆಳ್ಸಿದ್ದು ನಾನು ಕಣಕ್ಕ. ಒಂದೇಟು ಒಡೆದಿದ್ದು ದಿಟ. ಅದ್ಕೆ ನನ್ ಮಗೀನೇ ಕಿತ್ಕಳದಾ?"

ಹೋದ ವಾರ ಅವಳ ಕಣ್ಣೀರು, ಈ ವಾರ ಇವನದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಆ ಗಾದೆ ಮಾಡಿದವರು ಅಜ್ಜಿಯನ್ನು ಮರೆತರು.

ಗುರುವಾರ, ೧೮ ಜುಲೈ

ವಾಯಿದೆ. ಬೆಳಿಗ್ಗೆಯಿಂದ ಕೋರ್ಟಿನ ಜಗಲಿಯಲ್ಲಿ ಕೂತಿದ್ದೇ ಬಂತು. ಬಸವನ ವಕೀಲರಿಗೆ ಇನ್ನೆಲ್ಲೋ ಕೆಲಸವಂತೆ. ಗೆದ್ದವನು ಸೋತ, ಸೋತವನು ಸತ್ತ ಎಂದು ಹಿಂದಿನವರು ಸುಮ್ಮನೆ ಹೇಳಲಿಲ್ಲ. ಇಬ್ಬರೂ ಜಗಲಿಯ ಆ ತುದಿ ಈ ತುದಿ, ನಾನು ನಡುವೆ. ಯಾರ ಪಕ್ಕ ಕೂತರೂ ಇನ್ನೊಬ್ಬರು ನೋಡುತ್ತಾರೆಂದು ನಿಂತೇ ಇದ್ದೆ. ಮನೆಗೆ ಬಂದರೆ ಗೌರಿ, "ಯಾವಾಗ ಮನೆಗೆ ಓಗದು ಅಜ್ಜಿ?" ಎನ್ನುತ್ತಾಳೆ. ವಾಯಿದೆ ಎಂದರೆ ಕೇಸು ಮುಂದಕ್ಕೆ ಹಾಕುವುದು, ಅದು ಮುಗಿಯುವ ತನಕ ಇಲ್ಲೇ ಎಂದು ಏಳು ವರ್ಷದ ಮಗುವಿಗೆ ಬಿಡಿಸಿ ಹೇಳಿದೆ. ನನ್ನ ಸರ್ವೀಸಿನಲ್ಲಿ ಇಷ್ಟು ಕಷ್ಟದ ಪಾಠ ಮಾಡಿರಲಿಲ್ಲ.

ಶುಕ್ರವಾರ, ೬ ಸೆಪ್ಟೆಂಬರ್

ಗೌರಿ ಹಬ್ಬ. ಪ್ರತಿ ವರ್ಷ ಬಸವ ನನಗೆ ತೌರಿನ ಸೀರೆ ತರುತ್ತಾನೆ. ಈ ಸಲ ಬರಲಾರ ಎಂದುಕೊಂಡಿದ್ದೆ. ಕೋಮಲ ರಜೆ ಹಾಕಿ ಬಂದಿದ್ದಳು, ನನಗೊಂದು ಶಾಲು ತಂದಿದ್ದಳು. ಮಧ್ಯಾಹ್ನ ನೋಡಿದರೆ ಸೀರೆ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ.

"ಎದುರುದಾರ ಅಂತ ಬಂದಿಲ್ಲ ಕಣಕ್ಕ. ತಮ್ಮ ಅಂತ ಬಂದಿವ್ನಿ."

ಈಸಿಕೊಂಡರೆ ಮಗಳು ನೊಂದಾಳು, ಬಿಟ್ಟರೆ ಸತ್ತ ಅವ್ವ. ಕೈ ನೀಡಿದೆ. ಕೋಮಲ ಅಡುಗೆ ಮನೆಯಿಂದಲೇ, "ಈಸ್ಕಂಡ್ಯಾ? ಸರಿ ಬುಡು. ನಾಳೆ ಅವ್ರ ವಕೀಲ ಕೇಳ್ತಾನೆ, ಎತ್ತೋಳೇ ನಿನ್ ಕಡೆ ಇಲ್ವಲ್ಲವ್ವ ಅಂತ" ಎಂದಳು. ಬಸವ ಶಾಲು ನೋಡಿ, "ಆ ಕಡೇಂದೂ ಬಂದದಲ್ಲ" ಎಂದ. ಹಬ್ಬದ ದಿನ, ದೇವರ ಮುಂದೆ, ನನ್ನ ಪ್ರೀತಿಗೂ ರಸೀದಿ ಕೇಳುತ್ತಿದ್ದಾರೆ ಇಬ್ಬರೂ! ಸೀರೆ ಅವನ ಕೈಗೆ ಕೊಟ್ಟೆ, ಶಾಲು ಅವಳ ಕೈಗೆ ಕೊಟ್ಟೆ. ಇಬ್ಬರದೂ ಬೇಡ, ಎದ್ದು ಹೋಗಿ ಎಂದೆ. ಹೋಳಿಗೆ ಹಾಗೇ ಉಳಿಯಿತು.

ಸಂಜೆ ಗೌರಿ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಮನೆಯಲ್ಲಿ ನಾವಿಬ್ಬರೇ. ಬಹಳ ದಿನಗಳ ಮೇಲೆ ನೆಮ್ಮದಿಯಾಗಿತ್ತು.

ಮಂಗಳವಾರ, ೨೪ ಸೆಪ್ಟೆಂಬರ್

ಮತ್ತೆ ವಾಯಿದೆ. ಇರಲಿ. ಮಗುವಿಗೆ ಪರೀಕ್ಷೆ ಹತ್ತಿರ ಬಂದಿದೆ, ಈಗ ಎಳೆದಾಡಿದರೆ ಓದು ಕೆಡುತ್ತದೆ.

ಭಾನುವಾರ, ೨೦ ಅಕ್ಟೋಬರ್

ಕೆಲವು ಶಿಸ್ತು ತಂದಿದ್ದೇನೆ. ಸಂಜೆಯ ಫೋನು ನಿಲ್ಲಿಸಿದೆ. ಒಬ್ಬರ ಫೋನು ಇಟ್ಟೊಡನೆ ಇನ್ನೊಬ್ಬರದು ಬಂದು ಮಗುವಿನ ಊಟ ಆರುತ್ತಿತ್ತು. ಭಾನುವಾರದ ಭೇಟಿಯೂ ಇನ್ನು ಮುಂದೆ ಊಟವಾದ ಮೇಲೆ, ಕತ್ತಲಾಗುವ ಮುಂಚೆ ಮುಗಿಯಬೇಕು. ಜಗಲಿಯ ಮೇಲೆಯೇ, ನನ್ನ ಕಣ್ಣೆದುರಿಗೆ. ಇಬ್ಬರಿಗೂ ಸಮ. ಒಬ್ಬರಿಗೆ ಒಂದು ಗಳಿಗೆ ಹೆಚ್ಚಿಲ್ಲ, ಇನ್ನೊಬ್ಬರಿಗೆ ಒಂದು ಗಳಿಗೆ ಕಡಿಮೆಯಿಲ್ಲ.

ಬಸವ ಇವತ್ತು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. "ನೀನೇ ಪಾಠ ಮಾಡಿದ್ದಲ್ವಕ್ಕ ನಂಗೆ? ಎರ್ಡು ಬೆಕ್ಕಿಗೆ ಕೋತಿ ಬೆಣ್ಣೆ ಅಂಚಿದ್ದು. ಈ ಕಡೆ ಒಸಿ ಎಚ್ಚಾಯ್ತು ಅಂತ ಒಂದ್ ತುತ್ತು, ಆ ಕಡೆ ಎಚ್ಚಾಯ್ತು ಅಂತ ಒಂದ್ ತುತ್ತು."

ಗೊಬ್ಬರ ಮಾರುವವನಿಗೆ ಇಷ್ಟು ನಾಲಿಗೆ. ಮಗು ಈಗ ಯಾರು ಹೋದರೂ ಅಳುವುದಿಲ್ಲ ಎನ್ನುವುದು ಅವನ ಕಣ್ಣಿಗೆ ಬೀಳುವುದಿಲ್ಲವೇ? ಕೈ ಬೀಸಿ ಒಳಗೆ ಬಂದು ನನ್ನ ಪಕ್ಕ ಕೂರುತ್ತಾಳೆ. ಎಲ್ಲ ಅಭ್ಯಾಸ.

ಗುರುವಾರ, ೨೧ ನವೆಂಬರ್

ಕೋರ್ಟಿನಿಂದ ಮೀನಾ ಎನ್ನುವ ಆಪ್ತ ಸಮಾಲೋಚಕಿಯನ್ನು ನೇಮಿಸಿದ್ದಾರೆ. ಮಕ್ಕಳ ಮನಸ್ಸು ಓದಿದವರಂತೆ. ಮುಂದಿನ ತಿಂಗಳು ಸಾಹೇಬರು ತಮ್ಮ ಕೋಣೆಯಲ್ಲಿ ಗೌರಿಯೊಬ್ಬಳನ್ನೇ ಕೂರಿಸಿಕೊಂಡು ಮಾತಾಡುತ್ತಾರಂತೆ, ಈ ಮೇಡಂ ಜೊತೆಗಿರುತ್ತಾರಂತೆ. ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮಾ, ಮಗುಗೆ ಏನೂ ಹೇಳ್ಕೊಡಬೇಡಿ. ಅದರ ಮನಸ್ಸಲ್ಲಿ ಇರೋದು ಬರಲಿ" ಎಂದರು. ಮಕ್ಕಳ ಮನಸ್ಸು ನನಗೆ ಹೇಳಿಕೊಡಲು ಬಂದರು! ಹೇಳಿಕೊಡುತ್ತಿರುವವರು ಆ ಇಬ್ಬರು. ಅಪ್ಪ ಬಂದರೆ ಸೈಕಲ್ ಕೊಡಿಸುತ್ತೇನೆ ಎಂದು ಕಿವಿಯಲ್ಲಿ ಊದುತ್ತಾನೆ. ಅಮ್ಮ ಬಂದರೆ, ನೀನಿಲ್ಲದೆ ಅಮ್ಮ ಊಟ ಮಾಡಲ್ಲ ಎನ್ನುತ್ತಾಳೆ. ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತೇನೆ. ಎತ್ತು ಏರಿಗೆ, ಕೋಣ ನೀರಿಗೆ.

ಮಗುವಿನ ಕೈಯಲ್ಲಿ ಒಬ್ಬರನ್ನು ಬೇಡ ಅನ್ನಿಸುತ್ತಾರಲ್ಲ, ಇದು ಯಾವ ನ್ಯಾಯ? ದೊಡ್ಡವಳಾದ ಮೇಲೆ, ನಾನು ನಮ್ಮಪ್ಪನನ್ನು ಬೇಡವೆಂದೆ, ನಮ್ಮಮ್ಮನನ್ನು ಬೇಡವೆಂದೆ ಎಂದು ಜೀವಮಾನವೆಲ್ಲ ಕೊರಗಬೇಕಾ? ಏನು ಮಾಡಲಿ? ಏನೂ ಮಾಡಲಾರೆ ಎನ್ನುವುದೇ ಸಂಕಟ.

ಭಾನುವಾರ, ೮ ಡಿಸೆಂಬರ್

ದಾರಿ ಹೊಳೆಯಿತು. ಬೆಳಿಗ್ಗೆ ಗೌರಿಗೆ ತಲೆಗೆ ನೀರು ಹಾಕಿ, ಹಣೆಗೆ ವಿಭೂತಿ ಇಟ್ಟು, ಮಾದಪ್ಪನ ಪಟದ ಮುಂದೆ ಕೂರಿಸಿ ಕರ್ಪೂರ ಹಚ್ಚಿದೆ. "ಕೋರ್ಟಲ್ಲಿ ಅಪ್ಪನ್ ಮೇಲೆ ಒಂದ್ ಮಾತು ಆಡಲ್ಲ. ಅಮ್ಮನ್ ಮೇಲೆ ಒಂದ್ ಮಾತು ಆಡಲ್ಲ. ಯಾರ್ ಬೇಕು, ಯಾರ್ ಬೇಡ ಅಂತ ಯೋಳಲ್ಲ. ಮಾದಪ್ಪನಾಣೆ" ಎಂದು ಹೇಳಿಸಿದೆ. ಪುಟ್ಟ ಕೈಯಿಂದ ಕರ್ಪೂರ ಆರಿಸಿದಳು. ನಮ್ಮೂರಿನಲ್ಲಿ ಎಷ್ಟೋ ಜಗಳ ಇದರಿಂದಲೇ ನಿಂತಿವೆ. ಕೋರ್ಟಿನಲ್ಲಿ ಸುಳ್ಳು ಹೇಳಿದವನೂ ಮಾದಪ್ಪನ ಮುಂದೆ ಹೇಳುವುದಿಲ್ಲ.

ಗೌರಿ ಪಟದಲ್ಲಿ ಮಾದಪ್ಪ ಏರಿ ಕೂತ ಹುಲಿಯನ್ನೇ ನೋಡುತ್ತಿದ್ದಳು. "ಮಾತಾಡ್ಬುಟ್ರೆ ಈ ಉಲಿ ಬತ್ತದಾ ಅಜ್ಜಿ?"

"ಆಣೆ ತಪ್ಪಿದೋರ್ ಮನೆಗೆ ಬತ್ತದೆ. ನೀನು ತಪ್ಪಲ್ವಲ್ಲ, ಬರಲ್ಲ ಬುಡು."

ಜಾಣೆ, ತಲೆಯಾಡಿಸಿದಳು. ಎದೆಯ ಭಾರ ಇಳಿಯಿತು. ಇನ್ನು ಅವಳಿಂದ ಯಾರಿಗೂ ಅನ್ಯಾಯವಾಗುವುದಿಲ್ಲ.

ಬುಧವಾರ, ೧೧ ಡಿಸೆಂಬರ್

ಸಾಹೇಬರ ಕೋಣೆಗೆ ಗೌರಿ ಒಬ್ಬಳೇ ಹೋದಳು. ಬಾಗಿಲು ಮುಚ್ಚಿತು. ನಾವು ಮೂವರೂ ಹೊರಗೆ, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಬಹಳ ಹೊತ್ತಾದ ಮೇಲೆ ಮೀನಾ ಮೇಡಂ ಕೈ ಹಿಡಿದು ಕರೆತಂದರು. ಗೌರಿಯ ಅಂಗೈ ಬೆವತು ಒದ್ದೆಯಾಗಿತ್ತು. ಬಸ್ಸಿನಲ್ಲಿ ವಾಂತಿ ಮಾಡಿಕೊಂಡಳು. ಮನೆಗೆ ಬರುವಷ್ಟರಲ್ಲಿ ಮೈ ಕಾಯುತ್ತಿತ್ತು. ಕೋರ್ಟಿನ ಗಾಳಿ ದೊಡ್ಡವರಿಗೇ ಆಗುವುದಿಲ್ಲ.

ಶುಕ್ರವಾರ, ೩ ಜನವರಿ ೨೦೨೫

ಜ್ವರ ಬಿಟ್ಟಿದೆ. ಮಾತು ಕಡಿಮೆಯಾಗಿದೆ. ಕ್ಲಾಸಿನಲ್ಲಿ ಹಾಜರಿ ಕರೆದರೂ ಕೈ ಎತ್ತುತ್ತಾಳೆಯೇ ಹೊರತು ಬಾಯಿ ಬಿಡುವುದಿಲ್ಲ ಎಂದು ಅವರ ಟೀಚರ್ ಹೇಳಿ ಕಳಿಸಿದ್ದರು. ಈಗಿನ ಟೀಚರುಗಳಿಗೆ ಮಕ್ಕಳು ಗಲಾಟೆ ಮಾಡಿದರೂ ದೂರು, ಸುಮ್ಮನಿದ್ದರೂ ದೂರು. ಕೋಮಲ ಬಂದಾಗಲೂ ಸುಮ್ಮನೆ ಕೂತಿದ್ದಳು, ಬಸವ ಬಂದಾಗಲೂ ಅಷ್ಟೇ. ಕೋಮಲ, "ಇವಳಿಗೇನಾಗದವ್ವ? ನನ್ ಕಡೆ ನೋಡ್ತಾನೇ ಇಲ್ವಲ್ಲ" ಎಂದು ಗೋಳಾಡಿದಳು. ನನಗೇನೋ ಮಗು ಗಂಭೀರವಾಗಿದೆ ಅನಿಸುತ್ತದೆ. ನಾನೂ ಸಣ್ಣವಳಿದ್ದಾಗ ಹೀಗೇ ಇದ್ದೆನಂತೆ.

ಮುಂದಿನ ವರ್ಷಕ್ಕೂ ಇಲ್ಲೇ ಸ್ಕೂಲಿಗೆ ಹೇಳಿಟ್ಟಿದ್ದೇನೆ.

ಬುಧವಾರ, ೨೨ ಜನವರಿ

ಬರೆಯಲು ಕೈ ಬರುತ್ತಿಲ್ಲ.

ಸಾಹೇಬರು ನಮ್ಮ ಮೂವರನ್ನೂ ಕೋಣೆಗೆ ಕರೆದರು. ಮೀನಾ ಮೇಡಂ ಮಾತಾಡಿದರು. ಆ ದಿನ ಏನು ಕೇಳಿದರೂ ಗೌರಿ ತುಟಿ ಬಿಚ್ಚಲಿಲ್ಲವಂತೆ. ಹೆಸರು ಕೇಳಿದರೂ ಇಲ್ಲ. ಆಮೇಲೆ ಸ್ಕೂಲಿಗೇ ಹೋಗಿ, ದಿನಾ ಅವಳ ಪಕ್ಕ ಸುಮ್ಮನೆ ಕೂತು ಬರುತ್ತಿದ್ದರಂತೆ. ಹೋದ ವಾರ ಅವಳು ಅವರ ಕಿವಿಯಲ್ಲಿ ಒಂದೇ ಒಂದು ಮಾತು ಕೇಳಿದಳಂತೆ: "ನಾನ್ ಮಾತಾಡುದ್ರೆ ಉಲಿ ಮೊದ್ಲು ಅಪ್ಪನ ಮನೆಗೆ ಓಯ್ತದಾ, ಅಮ್ಮನ್ ಮನೆಗಾ?"

ಕೋಮಲ ನನ್ನ ಕಡೆ ತಿರುಗಿದಳು. "ಅವ್ವಾ, ಏನ್ ಮಾಡ್ದೆ?"

ಹೇಳಿದೆ. ಮುಚ್ಚಿಡಲು ಅದರಲ್ಲೇನಿದೆ? ಮಗುವಿನ ಒಳ್ಳೆಯದಕ್ಕೆ, ಅವರಿಬ್ಬರ ಒಳ್ಳೆಯದಕ್ಕೇ ಮಾಡಿದ್ದೆಂದೆ. ಕೋಮಲ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬಸವ ತನ್ನ ನೀರಿನ ಬಾಟಲಿಯ ಮುಚ್ಚಳ ಬಿಚ್ಚಿ ಅವಳ ಕೈಗೆ ಕೊಟ್ಟ. ಅವಳು ಕುಡಿದಳು. ಇಬ್ಬರೂ ಹೊರಗೆ ಹೋಗಿ ಒಂದೇ ಬೆಂಚಿನ ಮೇಲೆ ಕೂತು ಮಾತಾಡಿದರು. ಇಷ್ಟು ದಿನ ನಾನು ಕಾಲು ಹಿಡಿದರೂ ಆಗದ ಕೆಲಸ.

ವಾಪಸ್ ಬಂದು ಜಂಟಿಯಾಗಿ ಬರೆದುಕೊಟ್ಟರು. ಒಪ್ಪಿ ಬೇರೆಯಾಗುತ್ತಾರಂತೆ. ಗೌರಿ ಕೊಳ್ಳೇಗಾಲದಲ್ಲಿ ತಾಯಿಯ ಹತ್ತಿರ, ಶನಿವಾರ ಭಾನುವಾರ ಹನೂರಿನಲ್ಲಿ ತಂದೆಯ ಹತ್ತಿರ. ಅಜ್ಜಿ ನೋಡಬೇಕೆಂದರೆ ಇಬ್ಬರಲ್ಲಿ ಒಬ್ಬರು ಜೊತೆಗಿರಬೇಕು. ಹೀಗೆಂದು ಬರೆಸಿದವಳು ಕೋಮಲ. ಹೂಂ ಎಂದವನು ಬಸವ.

"ನಾನು ಯಾರ ಕಡೆ ವಾಲಿದೆ ಹೇಳಿ ಸ್ವಾಮಿ" ಎಂದು ಸಾಹೇಬರನ್ನು ಕೇಳಿದೆ.

"ಯಾರ ಕಡೆಗೂ ವಾಲಲಿಲ್ಲ ಅಮ್ಮಾ" ಎಂದರು. ಒಳ್ಳೆಯ ಮನುಷ್ಯ, ಗದರಲಿಲ್ಲ. "ನಿಮ್ಮ ಉದ್ದೇಶ ಕೆಟ್ಟದ್ದು ಅಂತ ನಾನು ಬರೆಯೋದೂ ಇಲ್ಲ. ಆದರೆ ಮಗು ಇನ್ನು ಅಲ್ಲಿರೋದು ಬೇಡ."

ತಪ್ಪೇ ಇಲ್ಲವೆಂದ ಮೇಲೆ ಶಿಕ್ಷೆ ಹೇಗೆ ಎಂದು ಕೇಳಬೇಕಿತ್ತು. ಅಷ್ಟರಲ್ಲಿ ಮುಂದಿನ ಕೇಸು ಕೂಗಿದರು.

ಭಾನುವಾರ, ೨ ಫೆಬ್ರವರಿ

ಕರೆದುಕೊಂಡು ಹೋಗಲು ಇಬ್ಬರೂ ಬಂದಿದ್ದರು, ಬಸವನ ಬೈಕಿನಲ್ಲಿ ಒಟ್ಟಿಗೆ. ಒಳಗೆ ಬಂದು ಬಸವ, "ಆಣೆ ಬುಡ್ಸಕ್ಕ" ಎಂದ. ಇಟ್ಟವರೇ ಬಿಡಿಸಬೇಕು, ಬೇರೆಯವರಿಂದ ಆಗುವುದಿಲ್ಲ. ಇಲ್ಲಿ ಸುಳ್ಳು ಬರೆಯಲಾರೆ, ಆ ಕ್ಷಣ ಒಲ್ಲೆ ಎನ್ನೋಣ ಅನಿಸಿತು. ಆದರೆ ಕೂಸು ನೋಡುತ್ತಿತ್ತು.

ಕರ್ಪೂರ ಹಚ್ಚಿ, ಕಾಯಿ ಒಡೆದು, "ಮಾದಪ್ಪ, ಈ ಕೂಸಿನ್ ಆಣೆ ನನ್ ತಲೆ ಮೇಲಿರ್ಲಿ, ಅವಳ್ನ ಬುಟ್ಬುಡು" ಎಂದು ಗೌರಿಯ ಹಣೆಗೆ ವಿಭೂತಿ ಇಟ್ಟೆ.

"ಉಲಿ ಓಯ್ತಾ?" ಎಂದಳು. ಎಷ್ಟು ದಿನವಾಗಿತ್ತು ಆ ದನಿ ಕೇಳಿ.

"ಓಯ್ತು ಕಣವ್ವ."

ಆಮೇಲೆ ತೂಬು ತೆಗೆದ ಕೆರೆ. ಅಪ್ಪನಿಗೆ ಒಂದು, ಅಮ್ಮನಿಗೆ ಒಂದು, ಸ್ಕೂಲಿನದು, ಹಲ್ಲು ಬಿದ್ದದ್ದು, ಕನಸಿನದು, ಎಲ್ಲ ಒಂದರ ಮೇಲೊಂದು. ಇಬ್ಬರೂ ನೆಲದ ಮೇಲೆ ಕೂತು ಅಳುತ್ತಾ ಕೇಳುತ್ತಿದ್ದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ನನಗೆ ಹೇಳುವುದು ಅವಳಿಗೆ ಏನೂ ಇರಲಿಲ್ಲ.

ಬ್ಯಾಗು ಹೊರಗೆ ಹೋದಾಗ ತಡೆಯಲಾಗಲಿಲ್ಲ. "ರಜಕ್ಕೆ ನಿನ್ ಮನೆಗೆ ಬತ್ತೀಯಲ್ಲ ಚಿನ್ನ?" ಎಂದೆ.

ಗೌರಿ ಸುತ್ತ ನೋಡಿದಳು, ಯಾವ ಮನೆ ಎನ್ನುವಂತೆ. "ಇದು ವಾಯ್ದೆ ಮನೆ ಅಲ್ವಾ ಅಜ್ಜಿ?" ಎಂದಳು. "ವಾಯ್ದೆ ಮುಗೀತಂತೆ."

ಅವಳ ಮಾತಲ್ಲ ಅದು. ಯಾರೋ ಹೇಳಿಕೊಟ್ಟಿದ್ದಾರೆ.

ಸೋಮವಾರ, ೧೦ ಫೆಬ್ರವರಿ

ಕೊಳ್ಳೇಗಾಲಕ್ಕೆ ಹೋಗಿ ಹೊಸ ವಕೀಲರೊಬ್ಬರನ್ನು ಕಂಡೆ. ಅಜ್ಜಿಗೂ ಹಕ್ಕಿದೆ, ಅರ್ಜಿ ಹಾಕಬಹುದು ಎಂದರು. ಗೆಲ್ಲುವುದು ಕಷ್ಟ, ವರ್ಷಗಟ್ಟಲೆ ಎಳೆಯುತ್ತದೆ ಎಂದೂ ಹೇಳಿದರು. ಎಳೆಯಲಿ ಎಂದೆ.

"ಎದುರುದಾರರು ಯಾರಮ್ಮ? ಮಗಳ ಮೇಲಾ, ತಮ್ಮನ ಮೇಲಾ?"

"ಇಬ್ಬರ ಮೇಲೂ ಹಾಕಿ" ಎಂದೆ.